ಹಸಿರು ಬರ, ಹಸಿರು ಡ್ಯಾಶ್‌ಬೋರ್ಡ್

2023ರ ಸೆಪ್ಟೆಂಬರ್ ಕೊನೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಬಮ್ಮಿಗಟ್ಟಿ, ಕಲಘಟಗಿ ತಾಲೂಕು. ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ನವಲಗುಂದದ ಹಾಗೆ ಕಣ್ಣು ಹಾಯುವಷ್ಟು ದೂರ ಎರೆಹೊಲವೂ ಅಲ್ಲ, ನಡುವಿನ ಸೀಮೆ. ರಸ್ತೆಯಿಂದ ನೋಡಿದರೆ ನಮ್ಮ ಹೊಲದಲ್ಲಿ ಗೋವಿನಜೋಳ ಆಳೆತ್ತರ ನಿಂತಿತ್ತು, ಹಚ್ಚ ಹಸಿರು. "ಪೀಕ ಚಲೋ ಐತಲ್ಲ" ಅಂದೆ. ಅಪ್ಪ ಮಾತಾಡಲಿಲ್ಲ. ಸಾಲಿನೊಳಗೆ ಕರಕೊಂಡು ಹೋಗಿ ಒಂದು ತೆನೆ ಮುರಿದು ಕೈಗೆ ಕೊಟ್ಟರು. "ಸುಲದ ನೋಡು."

ಸುಲಿದೆ. ಹಲ್ಲುದುರಿದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. ಇನ್ನೊಂದು ಸಾಲಿಗೆ ಹೋಗಿ ಮತ್ತೊಂದು ಸುಲಿದೆ, ಅದರಲ್ಲಿ ಕಾಳೇ ಇಲ್ಲ. ಹತ್ತು ತೆನೆ ಸುಲಿದ ಮೇಲೆ ಸಾಕೆನಿಸಿತು. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ಇಡೀ ದೇಶದ ಅತಿ ಒಣ ಆಗಸ್ಟ್. ಜುಲೈ ಮಳೆ ನಂಬಿ ಬಿತ್ತಿದ ಗೋವಿನಜೋಳ ಸರಿಯಾಗಿ ಆಗಲೇ ಸೂಲಂಗಿ ಬಿಡುವುದು, ಎಳೆ ರೇಷ್ಮೆಗೂದಲು ಹೊರಬಂದು ಪರಾಗ ಹಿಡಿಯುವುದು. ಆ ಎರಡು-ಮೂರು ವಾರ ನೀರು ತಪ್ಪಿತೋ, ಆಮೇಲೆ ಎಷ್ಟು ಸುರಿದರೂ ಗಿಡ ಬೆಳೆಯುತ್ತದೆ, ಕಾಳು ಕಟ್ಟುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದಿಷ್ಟು ಮಳೆ ಬಂತು. ಗಿಡ ಹಸಿರಾಯಿತು. ನಡುವೆ ಕಸವೂ ಹಸಿರಾಯಿತು.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಒಂದು ಹೊಸ ಪದ ಓಡಾಡುತ್ತಿತ್ತು: 'ಹಸಿರು ಬರ'. ಮಂತ್ರಿಗಳೂ ಅದನ್ನೇ ಹೇಳುತ್ತಿದ್ದರು. ಉಪಗ್ರಹದ ಕಣ್ಣಿಗೆ ಹೊಲ ಹಸಿರು, ರೈತನ ಕೈಗೆ ಏನೂ ಇಲ್ಲ ಅಂತ. ಊರಿನಲ್ಲಿ ಯಾರಿಗೂ ಈ ಪದವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ತಲೆ ಕೆಡಿಸಿಕೊಂಡವನು ನಾನೊಬ್ಬನೇ. ಯಾಕಂದರೆ ಹುಬ್ಬಳ್ಳಿ ಬಸ್ಸಿನಲ್ಲಿ ಓದುತ್ತ ಬಂದ ಪುಸ್ತಕದ ಪ್ರಕಾರ ಈ ಪದಕ್ಕೆ ಅರ್ಥವೇ ಇರಬಾರದು!

ಪುಸ್ತಕ ಪರ್ಸಿ ಬ್ರಿಡ್ಜ್‌ಮನ್ 1927ರಲ್ಲಿ ಬರೆದ 'ದಿ ಲಾಜಿಕ್ ಆಫ್ ಮಾಡರ್ನ್ ಫಿಸಿಕ್ಸ್'. ಬ್ರಿಡ್ಜ್‌ಮನ್ ಹಾರ್ವರ್ಡ್‌ನ ಭೌತವಿಜ್ಞಾನಿ. ತತ್ವಶಾಸ್ತ್ರ ಅವರ ವೃತ್ತಿಯಲ್ಲ. ವಸ್ತುಗಳನ್ನು ಭಯಂಕರ ಒತ್ತಡಕ್ಕೆ ಸಿಲುಕಿಸಿ ಏನಾಗುತ್ತದೆ ಎಂದು ನೋಡುವುದು ಅವರ ಕಸುಬು, ಅದಕ್ಕೇ 1946ರಲ್ಲಿ ನೊಬೆಲ್ ಬಂತು. ಪುಸ್ತಕದ ಮುಖ್ಯ ಮಾತು ಇಷ್ಟು: ಒಂದು ಪರಿಕಲ್ಪನೆಯ ಅರ್ಥವೆಂದರೆ ಅದನ್ನು ಅಳೆಯುವಾಗ ನಾವು ಮಾಡುವ ಕೆಲಸಗಳ ಸರಣಿ, ಅದಕ್ಕಿಂತ ಹೆಚ್ಚೇನೂ ಅಲ್ಲ. 'ಉದ್ದ' ಅಂದರೇನು ಅಂತ ಕೇಳಬೇಡಿ, ಉದ್ದವನ್ನು ಹೇಗೆ ಅಳೆದಿರಿ ಅಂತ ಕೇಳಿ. ಆ ವಿಧಾನ ಹೇಳಿ ಮುಗಿಸಿದರೆ ಉದ್ದದ ಅರ್ಥ ಹೇಳಿ ಮುಗಿಸಿದಂತೆ. ಇದಕ್ಕೆ ಆಪರೇಷನಲಿಸಂ ಎಂಬ ಹೆಸರು ಅಂಟಿಕೊಂಡಿತು.

ಅವರನ್ನು ಇಲ್ಲಿಗೆ ತಳ್ಳಿದ್ದು ಐನ್‌ಸ್ಟೈನ್. ದೂರದೂರದ ಎರಡು ಘಟನೆಗಳು 'ಒಂದೇ ಹೊತ್ತಿಗೆ' ನಡೆದವು ಅಂತ ಎಲ್ಲರೂ ಸಲೀಸಾಗಿ ಹೇಳುತ್ತಿದ್ದರು. 1905ರಲ್ಲಿ ಐನ್‌ಸ್ಟೈನ್ ಬಂದು, ಸರಿ, ಅದನ್ನು ಯಾವ ಗಡಿಯಾರ, ಯಾವ ಬೆಳಕಿನ ಸಂಕೇತ ಇಟ್ಟುಕೊಂಡು ಪರೀಕ್ಷೆ ಮಾಡ್ತೀರಿ ಅಂತ ಕೇಳಿದ್ದೇ ತಡ, ಇನ್ನೂರು ವರ್ಷದ ಭೌತವಿಜ್ಞಾನ ಅಲುಗಾಡಿತು. ಮೊದಲೇ ಈ ಪ್ರಶ್ನೆ ಕೇಳುವ ಅಭ್ಯಾಸ ಇದ್ದಿದ್ದರೆ ಇಂಥ ಆಘಾತ ಆಗುತ್ತಲೇ ಇರಲಿಲ್ಲ ಎಂಬುದು ಬ್ರಿಡ್ಜ್‌ಮನ್ ಕೊರಗು.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ, ಅವರು ಅದನ್ನು ಮುಚ್ಚಿಡುವುದೂ ಇಲ್ಲ. ವಿಧಾನವೇ ಅರ್ಥ ಅಂದಮೇಲೆ ಎರಡು ವಿಧಾನ ಅಂದರೆ ಎರಡು ಅರ್ಥ. ಕೋಲಿಟ್ಟು ಅಳೆದ ಉದ್ದ ಬೇರೆ, ದುರ್ಬೀನಿನಲ್ಲಿ ಕೋನ ಹಿಡಿದು ಲೆಕ್ಕ ಹಾಕಿದ ಉದ್ದ ಬೇರೆ. ನಕ್ಷತ್ರಕ್ಕೆ ಕೋಲು ಹಚ್ಚಲು ಸಾಧ್ಯವಿಲ್ಲವಲ್ಲ, ಆ 'ದೂರ' ಇನ್ನೂ ಬೇರೆ. ಎರಡೂ ವಿಧಾನ ನಡೆಯುವ ಕಡೆ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ ಎಂಬ ಅನುಕೂಲಕ್ಕೆ ಒಂದೇ ಹೆಸರು ಇಟ್ಟುಕೊಂಡಿದ್ದೇವೆ, ಅಷ್ಟೇ.

ಓದುವಾಗ ನನಗೆ ನಮ್ಮಜ್ಜ ನೆನಪಾದ. ಅಜ್ಜ ಎಕರೆ-ಗುಂಟೆ ಲೆಕ್ಕದಲ್ಲಿ ಮಾತಾಡಿದವನಲ್ಲ. "ಒಂದ್ ಕೂರಿಗಿ ಹೊಲ" ಅನ್ನುತ್ತಿದ್ದ. ಎತ್ತು ಹೂಡಿ ಕೂರಿಗೆಯಲ್ಲಿ ಒಂದು ದಿನಕ್ಕೆ ಬಿತ್ತಿ ಮುಗಿಸುವಷ್ಟು ನೆಲ. ಮಾಡುವ ಕೆಲಸವೇ ಅಳತೆ, ಕೆಲಸವೇ ಅರ್ಥ. ನಮ್ಮ ಶಾಸನಗಳೂ ಹಾಗೇ. ಇಷ್ಟು ಮತ್ತರು ಭೂಮಿ ದಾನ ಅಂತ ಕೆತ್ತಿ ಸುಮ್ಮನಾಗದೆ, ಅದು ಯಾವ ಕೋಲಿನಿಂದ ಅಳೆದ ಮತ್ತರು ಅಂತಲೂ ಎಷ್ಟೋ ಕಡೆ ಹೇಳುತ್ತವೆ. ಕೋಲು ಬದಲಾದರೆ ಮತ್ತರೂ ಬದಲಾಗುತ್ತದೆ ಎಂಬ ಬುದ್ಧಿ ಬ್ರಿಡ್ಜ್‌ಮನ್‌ಗಿಂತ ಸುಮಾರು ಸಾವಿರ ವರ್ಷ ಮೊದಲೇ ಇಲ್ಲಿನ ಕಲ್ಲುಕುಟಿಗರಿಗೆ ಇತ್ತು. (ಹೆಮ್ಮೆ ಪಡಲು ಹೇಳುತ್ತಿಲ್ಲ. ಕೋಲಿನ ಜಗಳ ಎಷ್ಟಿತ್ತೋ, ಅದಕ್ಕೇ ಕೆತ್ತಿಸಿರಬೇಕು.)

ಈ ವಿಚಾರ ಚೆನ್ನಾಗಿ ಕೆಲಸ ಮಾಡುವ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. 'ಕೇರಳಕ್ಕೆ ಮುಂಗಾರು ಪ್ರವೇಶ' ಅಂತ ಪ್ರತಿ ವರ್ಷ ಸುದ್ದಿ ಬರುತ್ತದಲ್ಲ, ಅದನ್ನು ಹವಾಮಾನ ಇಲಾಖೆ ಯಾರದೋ ಮನಸ್ಸಿಗೆ ಬಂದ ಹಾಗೆ ಹೇಳುವುದಿಲ್ಲ. ಗೊತ್ತುಮಾಡಿದ 14 ಕೇಂದ್ರಗಳಿವೆ. ಲಕ್ಷದ್ವೀಪದ ಮಿನಿಕಾಯ್, ಅಮಿನಿಯಿಂದ ಹಿಡಿದು ಕಾಸರಗೋಡಿನ ಕೂಡ್ಲು, ನಮ್ಮ ಮಂಗಳೂರಿನವರೆಗೆ. ಮೇ 10ರ ನಂತರ ಇವುಗಳಲ್ಲಿ ಶೇ 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು, ಜತೆಗೆ ಗಾಳಿಯ ಆಳ-ವೇಗ, ಮೋಡದ ದಟ್ಟಣೆ ತೋರಿಸುವ ಒಂದು ವಿಕಿರಣದ ಲೆಕ್ಕವೂ ಕೂಡಿಬರಬೇಕು. ಕೂಡಿಬಂದರೆ ಮುಂಗಾರು ಬಂತು. ಇಲ್ಲದಿದ್ದರೆ ನಿಮ್ಮ ಕೊಡೆ ಎಷ್ಟೇ ನೆನೆದಿರಲಿ, ಬಂದಿಲ್ಲ. 2023ರಲ್ಲಿ ಈ ಲೆಕ್ಕದಂತೆ ಬಂದದ್ದು ಜೂನ್ 8ಕ್ಕೆ. ಇದರ ಮೇಲೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ವಿಧಾನ ಗಟ್ಟಿಯಾಗಿದೆ, ಎಲ್ಲ ವರ್ಷಕ್ಕೂ ಒಂದೇ ಆಗಿದೆ, ಸಾಕು.

ಬರದ ಕತೆ ಹೀಗಲ್ಲ.

ಬರ ಅಂದರೇನು ಎಂಬುದಕ್ಕೂ ಒಂದು ವಿಧಾನವಿದೆ, ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ. ಅದನ್ನು ನಾನು ಪೂರ್ತಿ ಓದಿದ್ದೇನೆ, ಎಂಜಿನಿಯರ್ ಆದವನಿಗೆ ಅದು ಒಂದು ಪ್ರೋಗ್ರಾಂನಂತೆಯೇ ಕಾಣುತ್ತದೆ. ಮೊದಲ ಹೆಜ್ಜೆ ಮಳೆ: ವಾಡಿಕೆಗಿಂತ ಎಷ್ಟು ಕಡಿಮೆ ಬಿತ್ತು, ನಡುವೆ ಎಷ್ಟು ವಾರ ಒಣಗಿತು. ಇದು ದಾಟಿದರೆ ಎರಡನೆಯ ಹೆಜ್ಜೆ, ಪರಿಣಾಮದ ಸೂಚಕಗಳು: ಬಿತ್ತನೆಯಾದ ಪ್ರದೇಶ, ಉಪಗ್ರಹ ಕಂಡ ಬೆಳೆಯ ಸ್ಥಿತಿ, ಮಣ್ಣಿನ ತೇವಾಂಶ, ಜಲಾಶಯ-ಅಂತರ್ಜಲ. ಇದೂ ದಾಟಿದರೆ ಮೂರನೆಯದು, ತಾಲೂಕಿನ ಶೇ 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡುವುದು.

ಕೋಡ್ ಬರೆಯುವವರು ಇಲ್ಲಿ ಒಂದು ನಿಮಿಷ ನಿಲ್ಲಿ. 'ಎ' ಮತ್ತು 'ಬಿ' ಮತ್ತು 'ಸಿ' ಅಂತ ಷರತ್ತು ಬರೆದರೆ ಏನಾಗುತ್ತದೆ? 'ಎ' ಸುಳ್ಳಾದರೆ ಕಂಪ್ಯೂಟರ್ 'ಬಿ'ಯನ್ನು ನೋಡುವುದೇ ಇಲ್ಲ. 'ಬಿ' ಸುಳ್ಳಾದರೆ 'ಸಿ' ಓಡುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಅಂತೀವಿ. ಹೊಲಕ್ಕೆ ಬಂದು ತೆನೆ ಸುಲಿದು ನೋಡುವ ಕೆಲಸ ಇಲ್ಲಿ 'ಸಿ'. ಅಂದರೆ ಮೇಲಿನ ಎರಡು ಅಳತೆ ತಪ್ಪಿದ್ದರೆ, ತಪ್ಪಿವೆ ಎಂದು ತೋರಿಸಿಕೊಡಬಲ್ಲ ಒಂದೇ ಅಳತೆ ನಡೆಯುವುದೇ ಇಲ್ಲ. ತಪ್ಪು ತನ್ನ ಸಾಕ್ಷಿಯನ್ನು ತಾನೇ ಬಾಗಿಲಾಚೆ ನಿಲ್ಲಿಸುತ್ತದೆ.

ಉಪಗ್ರಹ ಸುಳ್ಳು ಹೇಳುತ್ತದೆ ಅಂತಲ್ಲ. ಅದು ನೋಡುವುದು ಎರಡು ಬೆಳಕು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಸಮೀಪದ ಅವಗೆಂಪನ್ನು ವಾಪಸ್ ಚಿಮ್ಮಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಎನ್‌ಡಿವಿಐ. ಹಸಿರು ಹೆಚ್ಚಿದಷ್ಟೂ ಅದು ಒಂದರ ಹತ್ತಿರ ಹೋಗುತ್ತದೆ. ಎಲೆಯ ಬಗ್ಗೆ ಅದು ಹೇಳುವುದು ನಿಜವೇ. ಅಪ್ಪನ ಹೊಲದಲ್ಲಿ ಎಲೆ ನಿಜಕ್ಕೂ ಚೆನ್ನಾಗಿತ್ತು. ಸಿಪ್ಪೆಯೊಳಗೆ ಕಾಳಿದೆಯೋ ಇಲ್ಲವೋ ಎಂಬುದು ಆ ಎರಡು ಬೆಳಕಿಗೆ ಕಾಣುವ ವಿಷಯವಲ್ಲ. ಗೋವಿನಜೋಳದ ಹಸಿರೋ ಕಸದ ಹಸಿರೋ ಎಂಬುದೂ ಸುಲಭಕ್ಕೆ ತಿಳಿಯುವುದಿಲ್ಲ.

ಮಳೆಯೂ ಅಷ್ಟೇ. ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಊಟದ ತಾಟಿಗಿಂತ ಚಿಕ್ಕದು. ಒಂದು ಪಂಚಾಯಿತಿಯ ವಿಸ್ತೀರ್ಣ 20 ಚದರ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ, ಆ ಬಾಯಿ ಅದರ ನೂರು ಕೋಟಿಯಲ್ಲೊಂದು ಪಾಲು. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ ಎಂಬುದನ್ನೂ ಹೇಳಬೇಕು. ಬರ ಗಮನಿಸಲೆಂದೇ 1988ರಲ್ಲಿ ಪ್ರತ್ಯೇಕ ಘಟಕ ಶುರು ಮಾಡಿದ್ದು ನಮ್ಮಲ್ಲೇ, ಇವತ್ತು ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ತಂತಾನೇ ವರದಿ ಕಳಿಸುವ ಮಳೆಮಾಪಕಗಳಿವೆ. ಆದರೂ ಹೊಲದ ಈ ಬದುವಿಗೆ ಬಿದ್ದ ಮಳೆ ಆ ಬದುವಿಗೆ ಬೀಳದ ದಿನಗಳನ್ನು ಊರಲ್ಲಿ ಬೆಳೆದ ಯಾರೂ ಕಂಡಿರುತ್ತಾರೆ.

ಈಗ ಮೊದಲ ತಕರಾರಿಗೆ ಬರೋಣ. ವಿಧಾನವೇ ಅರ್ಥ ಅನ್ನುವುದಾದರೆ, ಕೈಪಿಡಿಯ ಷರತ್ತು ದಾಟದ್ದು ಬರವಲ್ಲ. ಮುಗಿಯಿತು. 'ಹಸಿರು ಬರ' ಅನ್ನುವುದು 'ಮೂರು ಮೂಲೆಯ ಚೌಕ' ಅಂದಹಾಗೆ. ಆದರೆ ಹಾಗೆ ಯಾರಿಗೂ ಅನಿಸಲಿಲ್ಲ. ಪದ ಕೇಳಿದ ತಕ್ಷಣ ಎಲ್ಲರಿಗೂ ತಿಳಿಯಿತು. 'ಈ ಅಳತೆ ತಪ್ಪು' ಅಂತ ಹೇಳಲು ಸಾಧ್ಯವಾಗಬೇಕಾದರೆ ಬರ ಎಂಬ ಮಾತಿನಲ್ಲಿ ಅಳತೆಗಿಂತ ಹೆಚ್ಚಿನದು ಏನೋ ಮೊದಲೇ ಇರಬೇಕಲ್ಲ? 2015ರವರೆಗೆ ಬೆಳೆ ಶೇ 50ರಷ್ಟು ಹಾಳಾದರೆ ಮಾತ್ರ ಪರಿಹಾರಕ್ಕೆ ಅರ್ಹ, ಆ ವರ್ಷ ಅದನ್ನು ಶೇ 33ಕ್ಕೆ ಇಳಿಸಿದರು. ಬ್ರಿಡ್ಜ್‌ಮನ್ ಮಾತನ್ನು ಅಕ್ಷರಶಃ ಹಿಡಿದರೆ ಅಂದು ಒಂದು ಪರಿಕಲ್ಪನೆ ಸತ್ತು ಇನ್ನೊಂದು ಹುಟ್ಟಿತು ಅನ್ನಬೇಕು. ರೈತರು ಹೇಳಿದ್ದು ಅದಲ್ಲ. ಈಗಲಾದರೂ ಸ್ವಲ್ಪ ಸರಿಯಾಗಿ ಅಳೀತಿದಾರ, ಅಂದರು. 'ಸರಿಯಾಗಿ' ಎಂಬ ಆ ಮಾತಿಗೆ ಆಪರೇಷನಲಿಸಂನಲ್ಲಿ ಜಾಗ ಹುಡುಕುವುದು ಕಷ್ಟ.

ಬ್ರಿಡ್ಜ್‌ಮನ್ ಬಳಿ ಇದಕ್ಕೆ ಉತ್ತರವಿಲ್ಲ ಅಂದುಕೊಳ್ಳಬೇಡಿ. ಅವರು ಹೀಗನ್ನಬಹುದು: ನಿಮ್ಮಪ್ಪ ಮಾಡಿದ್ದೂ ಒಂದು ಆಪರೇಷನ್ನೇ. ತೆನೆ ಮುರಿ, ಸುಲಿ, ಕಾಳು ನೋಡು. ಉಪಗ್ರಹದ್ದು ಇನ್ನೊಂದು ಆಪರೇಷನ್. ಎರಡು ವಿಧಾನ, ಎರಡು ಪರಿಕಲ್ಪನೆ, ಒಂದೇ ಹೆಸರಿನಲ್ಲಿ ಗೊಂದಲ ಮಾಡಿಕೊಂಡಿದ್ದೀರಿ, ಬೇರೆ ಹೆಸರಿಡಿ. ನೋಡಿ, ಜನ ಇಟ್ಟೂಬಿಟ್ಟರಲ್ಲ, ಹಸಿರು ಬರ ಅಂತ!

ಈ ಉತ್ತರ ನನ್ನನ್ನು ಸುಮಾರು ದಿನ ಸುಮ್ಮನಾಗಿಸಿತ್ತು. ಅದು ಬಿಚ್ಚಿಕೊಂಡದ್ದು ಊರಲ್ಲಲ್ಲ, ಆಫೀಸಿನಲ್ಲಿ.

ನಾವೊಂದು ಸೇವೆ ನಡೆಸುತ್ತೇವೆ. ಅದು 'ಬದುಕಿದೆಯೇ' ಎಂದು ತಿಳಿಯಲು ಪ್ರತಿ 30 ಸೆಕೆಂಡಿಗೆ ಒಂದು ವಿಳಾಸಕ್ಕೆ ಪ್ರಶ್ನೆ ಕಳಿಸುತ್ತೇವೆ, ಅದು 200 ಎಂಬ ಉತ್ತರ ಕೊಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಚುಕ್ಕೆ. 'ಅಪ್‌ಟೈಮ್' ಅಂದರೆ ನಮ್ಮಲ್ಲಿ ಇದೇ, ಹಸಿರು ಚುಕ್ಕೆಗಳ ಶೇಕಡಾವಾರು. ಶುದ್ಧ ಬ್ರಿಡ್ಜ್‌ಮನ್. ಒಂದು ಶುಕ್ರವಾರ ಸಂಜೆ ಗ್ರಾಹಕರಿಂದ ದೂರಿನ ಮೇಲೆ ದೂರು, ಹಣ ಕಟ್ಟಲು ಆಗುತ್ತಿಲ್ಲ ಅಂತ. ಡ್ಯಾಶ್‌ಬೋರ್ಡ್ ನೋಡಿದರೆ ಹಚ್ಚ ಹಸಿರು. ಪ್ರಶ್ನೆ ಕಳಿಸುವ ಆ ವಿಳಾಸ ಮಾತ್ರ ಚೆನ್ನಾಗಿತ್ತು, ಹಿಂದಿನ ಡೇಟಾಬೇಸ್ ಕೈ ಎತ್ತಿತ್ತು. ಮೊದಲ ಮುಕ್ಕಾಲು ಗಂಟೆ ನಾವು ಗ್ರಾಹಕರನ್ನೇ ಅನುಮಾನಿಸಿದೆವು. ನಿಮ್ಮ ನೆಟ್‌ವರ್ಕ್ ನೋಡಿ, ಬ್ರೌಸರ್ ಬದಲಿಸಿ, ಅಂತ ಉತ್ತರ ಬರೆದವನು ನಾನೇ. ಆ ಹೊತ್ತಿನಲ್ಲಿ 'ಇವು ಎರಡು ಬೇರೆ ಪರಿಕಲ್ಪನೆ, ಬೇರೆ ಹೆಸರಿಡೋಣ' ಅಂತ ಯಾರಾದರೂ ಹೇಳಿದ್ದರೆ ಮೀಟಿಂಗಿನಿಂದ ಎಬ್ಬಿಸುತ್ತಿದ್ದೆವು. ಗ್ರಾಹಕನ ಕೆಲಸ ಆಗುತ್ತದೋ ಇಲ್ಲವೋ ಎಂದು ತಿಳಿಯಲಿಕ್ಕೇ ಅಲ್ಲವೇ ಆ ಚುಕ್ಕೆ ಇಟ್ಟದ್ದು? ಎರಡು ಅಳತೆಗಳನ್ನು ಒಂದೇ ಹೆಸರಿಗೆ ಕಟ್ಟಿಹಾಕುವುದು ಯಾತಕ್ಕೆ ಅಳೆಯುತ್ತಿದ್ದೇವೆ ಎಂಬುದು. ಬ್ರಿಡ್ಜ್‌ಮನ್ ಪುಸ್ತಕದಲ್ಲಿ 'ಹೇಗೆ' ತುಂಬ ಇದೆ, ಈ 'ಯಾತಕ್ಕೆ' ಎಲ್ಲೋ ಜಾರಿಹೋಗಿದೆ.

ಯಾಕೆ ಜಾರಿತು ಎಂಬುದಕ್ಕೆ ನನ್ನದೊಂದು ಊಹೆ. ಬ್ರಿಡ್ಜ್‌ಮನ್ ತಮ್ಮ ಸಲಕರಣೆಗಳನ್ನು ಹೆಚ್ಚುಕಡಿಮೆ ತಾವೇ ಕಟ್ಟಿಕೊಳ್ಳುತ್ತಿದ್ದರು. ಅವರು ಮುಟ್ಟುತ್ತಿದ್ದ ಒತ್ತಡದಲ್ಲಿ ಆಗಿನ ಮಾಪಕಗಳು ಕೆಲಸಕ್ಕೇ ಬರುತ್ತಿರಲಿಲ್ಲ, ಹಾಗಾಗಿ ಅಲ್ಲಿ 'ಒತ್ತಡ' ಅಂದರೇನು ಎಂಬುದನ್ನೇ ಅವರು ಮೊದಲು ಕಟ್ಟಬೇಕಿತ್ತು. ಒತ್ತಡ ಏರಿದಂತೆ ಮ್ಯಾಂಗನಿನ್ ತಂತಿಯ ವಿದ್ಯುತ್ ನಿರೋಧ ಎಷ್ಟು ಬದಲಾಗುತ್ತದೆ ಎಂದು ಹಿಡಿದು ಅದನ್ನೇ ಮಾಪಕ ಮಾಡಿಕೊಂಡರು. ಅಲ್ಲಿ ಅಳೆಯುವವರು, ಅರ್ಥ ಹೇಳುವವರು, ಅಳತೆ ತಪ್ಪಿದರೆ ನಷ್ಟ ಅನುಭವಿಸುವವರು ಮೂವರೂ ಒಬ್ಬರೇ. ತಂತಿ ಕೈಕೊಟ್ಟರೆ ಹಾಳಾಗುವುದು ಅವರ ಪ್ರಯೋಗವೇ, ಆದ್ದರಿಂದ ಮರುದಿನ ಬೆಳಗ್ಗೆ ಅವರೇ ತಂತಿ ಬದಲಿಸುತ್ತಾರೆ. ಇಂಥ ಕೋಣೆಯಲ್ಲಿ 'ಯಾತಕ್ಕೆ' ಅಂತ ಬರೆದಿಡುವ ಅಗತ್ಯವೇ ಬೀಳುವುದಿಲ್ಲ. ಆ ಕೋಣೆಯ ಶಿಸ್ತನ್ನು ಎತ್ತಿ ಕಚೇರಿಗೆ ತಂದಿಟ್ಟಾಗ ಮೂವರೂ ಬೇರೆಯಾಗುತ್ತಾರೆ. ಅಳೆಯುವುದು ಒಂದು ಯಂತ್ರ, ಅರ್ಥ ಬರೆದದ್ದು ದೂರದ ಒಂದು ಸಮಿತಿ, ತೆನೆ ಖಾಲಿಯಾದದ್ದು ಇನ್ನೊಬ್ಬನ ಹೊಲದಲ್ಲಿ. ಆಗ 'ವಿಧಾನವೇ ಅರ್ಥ' ಎಂಬುದು ತಪ್ಪೊಪ್ಪಿಕೊಳ್ಳದಿರಲು ಬಹಳ ಅನುಕೂಲದ ಮಾತು.

ಅವರಿಗೂ ಇದು ಹತ್ತಿರದಿಂದ ಕಂಡಿತ್ತು ಅನಿಸುತ್ತದೆ. ಮನಶ್ಶಾಸ್ತ್ರದವರು ಈ ವಿಚಾರವನ್ನು ಬಾಚಿ ತಬ್ಬಿಕೊಂಡರು. ಬುದ್ಧಿ ಅಂದರೆ ಬುದ್ಧಿಯ ಪರೀಕ್ಷೆ ಏನನ್ನು ಅಳೆಯುತ್ತದೋ ಅದೇ, ಎಂಬ ಧಾಟಿಯ ಮಾತು ಅವರಲ್ಲಿ 1923ರಲ್ಲೇ ಬಂದಿತ್ತು. 1953ರಲ್ಲಿ ಬಾಸ್ಟನ್‌ನಲ್ಲಿ ನಡೆದ ಒಂದು ಚರ್ಚೆಯಲ್ಲಿ ಬ್ರಿಡ್ಜ್‌ಮನ್, ತಾನು ಹುಟ್ಟಿಸಿದ್ದು ಕೈಮೀರಿದ ಫ್ರಾಂಕನ್‌ಸ್ಟೈನ್ ಆಗಿದೆ ಎಂಬರ್ಥದಲ್ಲಿ ಮಾತಾಡಿದರು. ತಾನು ಹೇಳಿದ್ದು ಒಂದು ಅಭ್ಯಾಸ, ಸಿದ್ಧಾಂತವಲ್ಲ ಎಂಬುದು ಅವರ ಅಳಲು.

ಅಭ್ಯಾಸವಾಗಿ ನೋಡಿದರೆ ನಾನು ಪೂರ್ತಿ ಅವರ ಕಡೆ. ವಿಧಾನವೇ ಬೇಡ, ರೈತ ಬರ ಅಂದರೆ ಬರ ಅಂತ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಯಾವ ತಾಲೂಕಿನ ದನಿ ಜೋರೋ ಆ ತಾಲೂಕಿಗೆ ಬರ. ನಮ್ಮೂರಲ್ಲೇ ಚಹಾದಂಗಡಿ ಕಟ್ಟೆಯ ಮೇಲೆ ಕೂತು ಪ್ರತಿ ವರ್ಷ ಬರ ಘೋಷಿಸುವವರಿದ್ದಾರೆ, ಒಳ್ಳೆ ಪೀಕು ಬಂದ ವರ್ಷವೂ. "ಹೆಂಗ ಅಳದ್ರಿ?" ಎಂಬ ಪ್ರಶ್ನೆ ಅವರಿಗೂ ಬೇಕು. 2023ರಲ್ಲಿ ರಾಜ್ಯ ಮೊದಲು 195 ತಾಲೂಕು, ಆಮೇಲೆ ಸೇರಿಸುತ್ತ ಸೇರಿಸುತ್ತ 236ರಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಕೈಪಿಡಿಯ ಮಾನದಂಡ ಸಡಿಲಿಸಿ ಅಂತ ಕೇಂದ್ರಕ್ಕೆ ಕೇಳಿತು. ಪರಿಹಾರದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾರು ಸರಿ ಎಂಬ ರಾಜಕೀಯ ನನಗೆ ಬೇಡ. ಸಡಿಲಿಸಿ ಅನ್ನುವುದಕ್ಕಿಂತ ಕ್ರಮ ಬದಲಿಸಿ ಅಂದಿದ್ದರೆ ನನಗೆ ಹೆಚ್ಚು ಸಮಾಧಾನ ಆಗುತ್ತಿತ್ತು. ಒಂದು ಹಳ್ಳಿಯಿಂದ ಇಷ್ಟು ಜನ ದೂರು ಕೊಟ್ಟರೆ ಮಳೆ-ಉಪಗ್ರಹ ಏನೇ ಹೇಳಲಿ, ಯಾರಾದರೂ ಹೋಗಿ ನಾಲ್ಕು ಸಾಲಿನಲ್ಲಿ ತೆನೆ ಸುಲಿದು ನೋಡಬೇಕು ಎಂಬ ಒಂದು ಸಾಲು. 'ಸಿ'ಗೆ ತನ್ನದೇ ಬಾಗಿಲು.

ಆಫೀಸಿನಲ್ಲಿ ನಾವು ಮಾಡಿದ್ದೂ ಅದೇ. ಈಗ ಐದು ನಿಮಿಷಕ್ಕೊಮ್ಮೆ ಒಂದು ಸುಳ್ಳು ಗ್ರಾಹಕ ಲಾಗಿನ್ ಆಗಿ ಒಂದು ರೂಪಾಯಿ ಕಟ್ಟಿ ರಸೀದಿ ಪಡೆಯುತ್ತಾನೆ. ರಸೀದಿ ಬಾರದಿದ್ದರೆ ಚುಕ್ಕೆ ಕೆಂಪು, ಹಳೆಯ ವಿಳಾಸ ಎಷ್ಟೇ 200 ಅಂತ ಹೇಳುತ್ತಿರಲಿ. ಜತೆಗೆ ಗ್ರಾಹಕರ ದೂರು ಒಂದು ಗಂಟೆಯಲ್ಲಿ ಹತ್ತು ದಾಟಿದರೂ ಫೋನ್ ಹೊಡೆದುಕೊಳ್ಳುತ್ತದೆ. ಇದೂ ಒಂದು ದಿನ ಯಾವುದೋ ರೀತಿಯಲ್ಲಿ ತಪ್ಪುತ್ತದೆ, ನೋಡಬೇಕು.

ಆಮೇಲಿನ ಒಂದು ಜೂನ್. ಮೊದಲ ಒಳ್ಳೆ ಮಳೆಯ ಮರುದಿನ ಅಪ್ಪ ಫೋನ್ ಮಾಡಿದರು.

"ಮಳಿ ಆತು."

"ಎಷ್ಟ ಆತು?" ಚಟ, ಏನು ಮಾಡುವುದು.

"ಗೇಣ ಹಸಿ ಐತಿ. ನಾಳಿ ಬಿತ್ತೂದ."

ಹೊಲದ ಮಣ್ಣು ಬಗೆದು ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೇಣಿನಲ್ಲಿ ನೋಡುವುದು ನಮ್ಮ ಕಡೆಯ ಪದ್ಧತಿ. ನಾನು ಇನ್ನೊಂದು ಕೈಯಲ್ಲಿ ಮೊಬೈಲಿನ ಲೆಕ್ಕ ತೆರೆದೆ, 14 ಮಿಲಿಮೀಟರ್ ಅಂತಿತ್ತು. ಅಷ್ಟು ಮಳೆಗೆ ಗೇಣು ಹಸಿ ಆಗುವುದು ನನ್ನ ಲೆಕ್ಕಕ್ಕೆ ಕೂಡಲಿಲ್ಲ. ಶಾಸನದ ಕೋಲು ನೆನಪಾಗಿ ಕೇಳಿದೆ:

"ಯಾರ ಗೇಣು?"

"ನಂದಪಾ. ಬಿತ್ತಾಂವ ನಾನ ಅಲ್ಲೇನು?" ಅಂದರು, ಬೀಜದ ರೇಟು ಎಷ್ಟಾಗಿದೆ ಅಂತ ಹೇಳತೊಡಗಿದರು.